ದಿನ ತುಂಬುವ ಮುನ್ನ

ನಮ್ಮ ಭಾಷೆಯಲ್ಲಿ ಬಸುರಿಗೆ ದಿನಗಳು ಕಳೆಯುವುದಿಲ್ಲ, ತುಂಬುತ್ತವೆ. ಕೊಡಕ್ಕೆ ನೀರು ತುಂಬುವಂತೆ, ತೆನೆಗೆ ಹಾಲು ತುಂಬುವಂತೆ ದಿನ ತುಂಬುತ್ತದೆ ಎಂಬ ಈ ಮಾತಿನಲ್ಲಿ ಹಿರಿಯರ ದೀರ್ಘ ಅನುಭವವೊಂದು ಅಡಗಿದೆ. ಆದರೆ ಕೆಲವೊಮ್ಮೆ ದಿನ ತುಂಬುವ ಮೊದಲೇ, ಬೇನೆಯ ಸುಳಿವೂ ಇಲ್ಲದೆ, ನೀರಿನ ಚೀಲ ಒಡೆದುಬಿಡುತ್ತದೆ. ಆಗ ಮನೆಯವರ ಮುಂದೆ, ವೈದ್ಯರ ಮುಂದೆ, ಎಲ್ಲರಿಗಿಂತ ಹೆಚ್ಚಾಗಿ ಆ ತಾಯಿಯ ಮುಂದೆ ನಿಲ್ಲುವುದು ಒಂದೇ ಪ್ರಶ್ನೆ: ಬೇನೆ ತಾನಾಗಿ ಬರುವವರೆಗೆ ಕಾಯಬೇಕೇ, ಇಲ್ಲವೇ ಬೇನೆ ಬರಿಸಿ ಮಗುವನ್ನು ಈಗಲೇ ಹೊರತರಬೇಕೇ?

ಈ ಪ್ರಶ್ನೆಗೆ ಮನುಷ್ಯರು ಕೊಟ್ಟುಕೊಂಡು ಬಂದ ಉತ್ತರಗಳ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಇತಿಹಾಸ ಪಾಠ ಹೇಳಿಕೊಂಡು ಬಂದವನು. ಆದರೂ ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದೆಂದು ನನಗೆ ತೋರುವುದಿಲ್ಲ. ರಾಜರ ಯುದ್ಧಗಳ ಇತಿಹಾಸದಲ್ಲಿ ನಮ್ಮಲ್ಲಿ ಕೆಲವರ ಪೂರ್ವಿಕರಿಗೆ ಮಾತ್ರ ಪಾಲಿದ್ದೀತು. ಹೆರಿಗೆಯ ಇತಿಹಾಸದಲ್ಲಿ ಪಾಲಿಲ್ಲದವರು ಯಾರಿದ್ದಾರೆ?

ಮೊದಲು ಆ ನೀರಿನ ವಿಷಯ. ಗರ್ಭದಲ್ಲಿರುವ ಶಿಶುವನ್ನು ಎರಡು ಪದರಗಳ ತೆಳುಪೊರೆ ಸುತ್ತುವರಿದಿರುತ್ತದೆ. ಅದರೊಳಗಿನ ದ್ರವದಲ್ಲಿ ಶಿಶು ತೇಲುತ್ತದೆ, ಕೈಕಾಲು ಆಡಿಸುತ್ತದೆ, ಅದನ್ನೇ ಗುಟುಕರಿಸುತ್ತದೆ, ಮುಂದೆ ಉಸಿರಾಡುವುದಕ್ಕೆ ಅಭ್ಯಾಸವೆಂಬಂತೆ ಅದನ್ನೇ ಒಳಗೆಳೆದು ಹೊರಬಿಡುತ್ತದೆ. ಪೊರೆ ಇಡಿಯಾಗಿರುವವರೆಗೆ ರೋಗಾಣುಗಳಿಗೆ ಒಳದಾರಿ ಸುಲಭವಲ್ಲ. ಒಡೆದ ಮೇಲೆ ಬಾಗಿಲು ತೆರೆದಂತೆ. ದಿನ ತುಂಬಿದ ನೂರು ಹೆಂಗಸರಲ್ಲಿ ಸುಮಾರು ಎಂಟು ಮಂದಿಗೆ ಬೇನೆಗೆ ಮೊದಲೇ ನೀರು ಹೋಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಒಂದು ದಿನದೊಳಗೆ ಬೇನೆ ತಾನಾಗಿ ಕಾಣಿಸಿಕೊಳ್ಳುತ್ತದೆ. 37 ವಾರ ತುಂಬುವುದಕ್ಕೂ ಮೊದಲೇ ಹೀಗಾಗುವುದು ನೂರಕ್ಕೆ ಎರಡು ಮೂರು ಬಸಿರುಗಳಲ್ಲಿ. ಅಕಾಲದಲ್ಲಿ ಆಗುವ ಹೆರಿಗೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಹೀಗೆಯೇ ಮೊದಲಾಗುತ್ತದೆ. ಇಲ್ಲಿ ಅಪಾಯ ಎರಡು ಕಡೆಯಿಂದ ಬರುತ್ತದೆ. ತಡಮಾಡಿದರೆ ಸೋಂಕು ಒಳಹೊಕ್ಕು ತಾಯಿಯನ್ನೂ ಮಗುವನ್ನೂ ಕಾಡೀತು. ಹೊಕ್ಕುಳ ಬಳ್ಳಿ ಕೆಳಜಾರಿ ಅದುಮಿಕೊಂಡೀತು. ಅವಸರಪಟ್ಟರೆ ಶ್ವಾಸಕೋಶ ಮಾಗದ ಮಗು ಹೊರಗಿನ ಗಾಳಿಯಲ್ಲಿ ಉಸಿರಿಗಾಗಿ ಹೋರಾಡೀತು.

ಈ ಇಕ್ಕಟ್ಟು ಪ್ರಾಚೀನರಿಗೂ ತಿಳಿಯದ್ದಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಹೆರಿಗೆಯ ಸಿದ್ಧತೆಯ ವಿವರವಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗೃಹ ಅಣಿಯಾಗಿರಬೇಕು. ಹಲವು ಬಾರಿ ಹೆತ್ತ, ಅಕ್ಕರೆಯುಳ್ಳ ಹೆಂಗಸರು ಬಸುರಿಯ ಬಳಿ ಇರಬೇಕು. ಬೇನೆ ಕಾಣಿಸುವುದನ್ನೂ ಗರ್ಭೋದಕ ಹೊರಬರುವುದನ್ನೂ ಪ್ರಸವದ ಲಕ್ಷಣಗಳೆಂದು ಅಲ್ಲಿ ಹೇಳಿದೆ. ಅದೇ ಪ್ರಕರಣದಲ್ಲಿ ಒಂದು ಸ್ವಾರಸ್ಯವಾದ ಚರ್ಚೆಯೂ ಬರುತ್ತದೆ. ಹೆರಿಗೆ ತಡವಾದರೆ ಅವಳ ಕೈಗೆ ಒನಕೆ ಕೊಟ್ಟು ಧಾನ್ಯ ಕುಟ್ಟಿಸಬೇಕೆಂದು ಕೆಲವರ ಮತ. ಅದು ಕೂಡದು ಎಂದು ಆತ್ರೇಯನು ತಡೆಯುತ್ತಾನೆ. ಬಸುರಿಗೆ, ಅದರಲ್ಲಿಯೂ ಹೆರುವ ಹೊತ್ತಿನಲ್ಲಿ, ಅಂಥ ದೇಹದಂಡನೆ ಅಪಾಯ. ಮೆಲ್ಲನೆ ಅಡ್ಡಾಡುವುದೇ ಸಾಕು. ಬೇನೆಯಿಲ್ಲದೆ ಮುಕ್ಕುವುದು ವ್ಯರ್ಥ ಮಾತ್ರವಲ್ಲ, ಕೆಡುಕು ಎಂಬುದು ಅವನ ತೀರ್ಮಾನ. ಅವಸರದವರಿಗೂ ಕಾಯುವವರಿಗೂ ನಡೆದ ವಾದಗಳಲ್ಲಿ ನಮಗೆ ಸಿಕ್ಕಿರುವ ಹಳೆಯ ದಾಖಲೆಗಳಲ್ಲಿ ಇದೊಂದು.

ಹಳಬರ ಎಲ್ಲ ಮಾತೂ ಹೀಗೆ ನಿಜವಾಗಿ ಉಳಿಯಲಿಲ್ಲ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಶಿಶುವಿಗೂ ನಡುವೆ ಓಲಾಡುತ್ತಿರುತ್ತದೆ, ಆಗ ಹುಟ್ಟಿದ ಕೂಸು ಬದುಕುವುದು ದುರ್ಲಭ ಎಂದು ನಮ್ಮ ಆಯುರ್ವೇದ ಗ್ರಂಥಗಳು ನಂಬಿದ್ದವು. ಏಳರ ಕೂಸು ಬದುಕೀತು, ಎಂಟರದು ಬದುಕದು ಎಂಬ ಮಾತನ್ನು ಇಂದಿಗೂ ಮುದುಕಿಯರ ಬಾಯಲ್ಲಿ ಕೇಳುತ್ತೇವೆ. ಸೋಜಿಗವೆಂದರೆ ದೂರದ ಗ್ರೀಸಿನಲ್ಲಿ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿಯೂ ಎಂಟು ತಿಂಗಳ ಶಿಶುವಿನ ಬಗ್ಗೆ ಇದೇ ಭೀತಿಯಿದೆ. ವಾಸ್ತವದಲ್ಲಿ ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಬಲವನ್ನು ಹೆಚ್ಚಿಸುತ್ತದೆ. ಏಳಕ್ಕಿಂತ ಎಂಟು ಲೇಸು, ಎಂಟಕ್ಕಿಂತ ಒಂಬತ್ತು ಲೇಸು. ಈ ಸರಳ ಸತ್ಯವೇ ಮುಂದಿನ ಕಥೆಗೆಲ್ಲ ಆಧಾರ.

ಬೇಕೆಂದೇ ದಿನ ತುಂಬುವ ಮೊದಲು ಹೆರಿಗೆ ಮಾಡಿಸುವ ಪದ್ಧತಿ ಪಾಶ್ಚಾತ್ಯ ವೈದ್ಯದಲ್ಲಿ ನೆಲೆಗೊಂಡದ್ದು ಹದಿನೆಂಟನೆಯ ಶತಮಾನದಲ್ಲಿ. ಲಂಡನ್ನಿನ ಪ್ರಸಿದ್ಧ ವೈದ್ಯರು 1756ರ ಸುಮಾರಿನಲ್ಲಿ ಒಂದೆಡೆ ಸೇರಿ ಇದು ಪ್ರಯೋಜನಕರವೇ, ಧರ್ಮಸಮ್ಮತವೇ ಎಂದು ಚರ್ಚಿಸಿ ಒಪ್ಪಿಗೆ ಕೊಟ್ಟರೆಂದು ಥಾಮಸ್ ಡೆನ್‌ಮನ್ ಬರೆದಿಟ್ಟಿದ್ದಾನೆ. ಅಂದಿನ ಉದ್ದೇಶ ಬೇರೆಯೇ ಆಗಿತ್ತು. ಎಳವೆಯ ಮೂಳೆರೋಗದಿಂದ ಕಟಿಯ ಎಲುಬು ಸಂಕುಚಿತವಾಗಿದ್ದ ತಾಯಂದಿರಲ್ಲಿ ದಿನ ತುಂಬಿದ ಮಗು ಹೊರಬರುವಂತಿರಲಿಲ್ಲ. ಸಿಸೇರಿಯನ್ ಎಂದರೆ ಅಂದು ಬಹುಮಟ್ಟಿಗೆ ಮರಣವೇ. ಮಗು ಚಿಕ್ಕದಿರುವಾಗಲೇ ಹೆರಿಗೆಯಾಗಲಿ ಎಂದು ಅವರು ಕಂಡುಕೊಂಡ ಉಪಾಯವೆಂದರೆ ನೀರಿನ ಚೀಲವನ್ನು ತಾವೇ ಒಡೆಯುವುದು! ಇಂದು ಯಾವುದನ್ನು ಆಪತ್ತೆಂದು ತಿಳಿದು ಆಸ್ಪತ್ರೆಗೆ ಓಡುತ್ತೇವೋ ಅದೇ ಅಂದು ಚಿಕಿತ್ಸೆಯಾಗಿತ್ತು.

ಅವಸರಕ್ಕೆ ಇನ್ನೊಂದು ಸಾಧನ ಅಮೆರಿಕದಿಂದ ಬಂತು. ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಎಂಬ ಕಪ್ಪು ಬೂಷ್ಟಿನ ಪುಡಿ ಬೇನೆಯನ್ನು ಬಲಪಡಿಸುತ್ತದೆಂದು 1808ರಲ್ಲಿ ನ್ಯೂಯಾರ್ಕ್ ಪ್ರಾಂತದ ಜಾನ್ ಸ್ಟರ್ನ್ಸ್ ಪ್ರಕಟಿಸಿದ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಹೆರಿಗೆಯ ಪುಡಿ’ ಎಂದು ಹೆಸರು. ಆದರೆ ಆ ಪುಡಿ ಬರಿಸುವ ಬೇನೆಗೆ ಬಿಡುವಿರಲಿಲ್ಲ. ಮಕ್ಕಳು ಸತ್ತು ಹುಟ್ಟಿದವು, ಗರ್ಭಾಶಯಗಳು ಬಿರಿದವು. ಮುಂದೆ ಡೇವಿಡ್ ಹೊಸ್ಯಾಕ್ ಎಂಬ ವೈದ್ಯ ಅದನ್ನು ‘ಮರಣದ ಪುಡಿ’ ಎಂದು ಕರೆಯಬೇಕಾಯಿತು.

ಹಾಗೆಂದು ಕಾಯುವವರ ಕೈಯೂ ಯಾವಾಗಲೂ ಶುದ್ಧವಾಗಿರಲಿಲ್ಲ. 1817ರ ನವೆಂಬರ್ 3ರ ಸಂಜೆ ಇಂಗ್ಲೆಂಡಿನ ರಾಜಕುಮಾರಿ ಷಾರ್ಲೆಟ್‌ಗೆ ನೀರು ಹೋಯಿತು. ಅವಳಿಗೆ ದಿನ ತುಂಬಿ ಮೀರಿತ್ತು. ಉಪಚರಿಸುತ್ತಿದ್ದ ಸರ್ ರಿಚರ್ಡ್ ಕ್ರಾಫ್ಟ್ ನಾವು ಈಗ ನೆನೆದ ಡೆನ್‌ಮನ್ನನ ಅಳಿಯ, ಪ್ರಕೃತಿಯ ಕೆಲಸಕ್ಕೆ ಕೈಹಾಕಬಾರದೆಂಬ ಪಂಥದವನು. ಬೇನೆ ಸುಮಾರು 50 ಗಂಟೆ ನಡೆಯಿತು. 5ರ ರಾತ್ರಿ ಗಂಡು ಮಗು ಸತ್ತು ಹುಟ್ಟಿತು. 6ರ ನಸುಕಿನಲ್ಲಿ 21 ವರ್ಷದ ತಾಯಿಯೂ ತೀರಿಕೊಂಡಳು. ಮುಂದಿನ ವರ್ಷ ಕ್ರಾಫ್ಟ್ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಸಿಂಹಾಸನಕ್ಕೆ ವಾರಸುದಾರರಿಲ್ಲದೆ ರಾಜನ ಗಂಡುಮಕ್ಕಳು ಆತುರಾತುರವಾಗಿ ಮದುವೆಯಾಗಿ, 1819ರಲ್ಲಿ ವಿಕ್ಟೋರಿಯಾ ಹುಟ್ಟಿದಳು. ಮುಂದೆ ನಮ್ಮ ದೇಶದ ನಾಣ್ಯಗಳ ಮೇಲೆ ಮುದ್ರಿತವಾದ ಮುಖ ಯಾವ ಹೆರಿಗೆಕೋಣೆಯ ದುರಂತದಿಂದ ಬಂತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಲಿಲ್ಲ.

ಅವಸರಕ್ಕೂ ತಡಕ್ಕೂ ಮೀರಿದ ಮೂರನೆಯ ಶತ್ರುವೊಂದಿತ್ತು. ಸ್ತ್ರೀಯರ ಹಕ್ಕುಗಳ ಪ್ರತಿಪಾದಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1797ರ ಆಗಸ್ಟ್ 30ರಂದು ಹೆಣ್ಣುಮಗುವನ್ನು ಹೆತ್ತಳು. ಮಾಸು ಬೀಳದಿದ್ದುದರಿಂದ ವೈದ್ಯನೊಬ್ಬ ಕೈಹಾಕಿ ಅದನ್ನು ಚೂರುಚೂರಾಗಿ ತೆಗೆದ. ಹನ್ನೊಂದನೆಯ ದಿನ ಬಾಣಂತಿ ಜ್ವರದಿಂದ ಅವಳು ಸತ್ತಳು. ಆ ಮಗುವೇ ಬೆಳೆದು ‘ಫ್ರಾಂಕನ್‌ಸ್ಟೈನ್’ ಕಾದಂಬರಿ ಬರೆದ ಮೇರಿ ಶೆಲ್ಲಿ. ಈ ಜ್ವರವನ್ನು ಹೊತ್ತು ತರುವವರು ವೈದ್ಯರೂ ಸೂಲಗಿತ್ತಿಯರೂ ಎಂದು ಅಬರ್ಡೀನಿನ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿಯೇ ಬರೆದಿದ್ದ. ಯಾರಿಗೂ ಅದು ಹಿಡಿಸಲಿಲ್ಲ. 1847ರ ಏಪ್ರಿಲಿನಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಒಂದು ಹೆರಿಗೆ ವಿಭಾಗದಲ್ಲಿ ನೂರಕ್ಕೆ 18 ತಾಯಂದಿರು ಸಾಯುತ್ತಿದ್ದರು. ಶವಪರೀಕ್ಷೆ ಮಾಡಿ ಬಂದ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯಬೇಕೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಕಟ್ಟುಮಾಡಿದ. ಬೇಸಗೆ ಕಳೆಯುವುದರೊಳಗೆ ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ನೀರು ಒಡೆದ ಹೆಂಗಸನ್ನು ಮತ್ತೆ ಮತ್ತೆ ಬೆರಳು ಹಾಕಿ ಪರೀಕ್ಷಿಸಬಾರದೆಂಬ ಇಂದಿನ ನಿಯಮದ ಬೇರು ಅಲ್ಲಿಯ ತಿಳಿವಳಿಕೆಯಲ್ಲಿಯೇ ಇದೆ.

ಇಪ್ಪತ್ತನೆಯ ಶತಮಾನ ವೈದ್ಯನ ಕೈಗೆ ಬೇನೆಯ ಕೀಲಿಕೈಯನ್ನು ಕೊಟ್ಟಿತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಾಶಯವನ್ನು ಸಂಕೋಚಗೊಳಿಸುತ್ತದೆಂದು ಹೆನ್ರಿ ಡೇಲ್ 1906ರಲ್ಲಿ ತೋರಿಸಿದ. 1909ರಲ್ಲಿ ಬ್ಲೇರ್-ಬೆಲ್ ಅದರ ಹೆರಿಗೆಕೋಣೆಯ ಬಳಕೆಯನ್ನು ವರದಿ ಮಾಡಿದ. ಆ ಸಾರದಲ್ಲಿದ್ದ ಆಕ್ಸಿಟೋಸಿನ್ ಎಂಬ ವಸ್ತುವಿನ ರಚನೆಯನ್ನು 1953ರಲ್ಲಿ ಬಿಡಿಸಿ, ಪ್ರಯೋಗಶಾಲೆಯಲ್ಲಿ ಅದನ್ನು ಕಟ್ಟಿದ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಹುಮಾನ ಬಂತು. ಗ್ರೀಕಿನಲ್ಲಿ ಆ ಹೆಸರಿಗೆ ‘ಶೀಘ್ರ ಪ್ರಸವ’ ಎಂದರ್ಥ. ಹನಿಹನಿಯಾಗಿ ರಕ್ತನಾಳಕ್ಕೆ ಇಳಿಸಿದರೆ ಅದರ ಪ್ರಮಾಣವನ್ನು ಹೆಚ್ಚಿಸಲೂಬಹುದು, ನಿಲ್ಲಿಸಲೂಬಹುದು. ಎರ್ಗಟ್‌ಗೆ ಇಲ್ಲದ ವಿನಯ ಇದಕ್ಕಿತ್ತು. ಆದರೆ ದಿನ ತುಂಬದ ಬಸುರಿಯಲ್ಲಿ ಗರ್ಭಾಶಯದ ಬಾಯಿ ಗಟ್ಟಿಯಾಗಿ ಮುಚ್ಚಿರುತ್ತದೆ. ಬರಿಯ ಬೇನೆ ಅದರ ಮೇಲೆ ಬಡಿದು ಫಲವಿಲ್ಲ. ಆ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ ಎಂಬುದಕ್ಕೆಲ್ಲ ಅಂಕ ಕೊಟ್ಟು ತೂಗುವ ಕ್ರಮವನ್ನು 1964ರಲ್ಲಿ ಎಡ್ವರ್ಡ್ ಬಿಷಪ್ ರೂಪಿಸಿದ. 1968ರಲ್ಲಿ ಉಗಾಂಡದ ಕಂಪಾಲಾ ನಗರದ ಮಕೆರೆರೆ ವಿಶ್ವವಿದ್ಯಾಲಯದಿಂದ ಸುಲ್ತಾನ್ ಕರೀಮ್ ಮತ್ತು ಅವನ ಸಂಗಡಿಗರು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನಿಂದ ಬೇನೆ ಬರಿಸಿದ ಸುದ್ದಿ ಬಂತು. ಆ ಕುಲದ ಔಷಧಗಳೇ ಮುಂದೆ ಗರ್ಭಾಶಯದ ಬಾಯನ್ನು ಮೆತ್ತಗೆ ಮಾಡುವ ಸಾಧನಗಳಾದವು.

ಈಗ ಅವಸರಕ್ಕೆ ಅಡ್ಡಿಯಿರಲಿಲ್ಲ. ಸೋಂಕಿನ ಭಯವಿದ್ದಲ್ಲಿ ಕಾಯುವುದೇಕೆ? ಉತ್ತರ ಮಗುವಿನ ಎದೆಯಲ್ಲಿತ್ತು. ಶ್ವಾಸಕೋಶದ ಗಾಳಿಗೂಡುಗಳು ಮುದುಡಿ ಅಂಟಿಕೊಳ್ಳದಂತೆ ತಡೆಯುವ ನೊರೆಯಂಥ ಪದಾರ್ಥವೊಂದು ಅಕಾಲ ಶಿಶುಗಳಲ್ಲಿ ಸಾಲದೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಕಂಡುಹಿಡಿದರು. ಹಾಗೆಂದು ಮದ್ದೇನೂ ಇರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೆ ಐದೂವರೆ ವಾರ ಮುಂಚಿತವಾಗಿ ಗಂಡು ಮಗು ಹುಟ್ಟಿತು. ಪ್ಯಾಟ್ರಿಕ್ ಎಂದು ಹೆಸರಿಟ್ಟರು. ತೂಕ ಎರಡು ಕಿಲೋಗಿಂತ ಹೆಚ್ಚೇ ಇತ್ತು. ಜಗತ್ತಿನ ಅತ್ಯಂತ ಬಲಾಢ್ಯ ದೇಶದ ಅಧಿಪತಿಯ ಮಗು 39 ಗಂಟೆ ಬದುಕಿ, ಉಸಿರಾಡಲಾರದೆ ಹೋಯಿತು.

ಆ ದಶಕದ ಕೊನೆಗೆ ದಾರಿ ತೋರಿಸಿದ್ದು ನ್ಯೂಜಿಲೆಂಡಿನ ಕುರಿಮರಿಗಳು. ಹೆರಿಗೆಯ ಬೇನೆ ಹೇಗೆ ಆರಂಭವಾಗುತ್ತದೆಂದು ಶೋಧಿಸುತ್ತಿದ್ದ ಗ್ರಹಾಂ ಲಿಗಿನ್ಸ್ ಗರ್ಭದ ಮರಿಗಳಿಗೆ ಸ್ಟೀರಾಯ್ಡ್ ಕೊಟ್ಟು ನೋಡುತ್ತಿದ್ದ. ಬದುಕಲಾರದಷ್ಟು ಎಳೆಯದಾಗಿ ಹುಟ್ಟಿದ ಮರಿ ಉಸಿರಾಡುತ್ತಿತ್ತು! ತಾನು ಹುಡುಕದ ಉತ್ತರವೇ ದೊಡ್ಡದೆಂದು ಅವನಿಗೆ ಹೊಳೆಯಿತು. ಆಕ್ಲೆಂಡಿನಲ್ಲಿ ರಾಸ್ ಹೋವಿಯೊಡನೆ ಸೇರಿ 282 ತಾಯಂದಿರಲ್ಲಿ ನಡೆಸಿದ ಪರೀಕ್ಷೆಯನ್ನು 1972ರಲ್ಲಿ ಪ್ರಕಟಿಸಿದ. ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಹುಟ್ಟಿದ ಮೊದಲ ದಿನಗಳಲ್ಲಿ ಸತ್ತ ಮಕ್ಕಳು ನೂರಕ್ಕೆ 3. ಕೊಡದ ಗುಂಪಿನಲ್ಲಿ 15. ಇಂಜೆಕ್ಷನ್ ಪೂರ್ಣವಾಗಿ ಫಲಿಸಲು ಒಂದೆರಡು ದಿನ ಬೇಕು. ಆ ಒಂದೆರಡು ದಿನಗಳಿಗೆ ಇತಿಹಾಸದಲ್ಲಿ ಮೊದಲ ಬಾರಿಗೆ ಬೆಲೆ ಬಂತು. ಅದುವರೆಗೆ ಕಾಯುವುದೆಂದರೆ ಕೈಕಟ್ಟಿ ಕೂಡುವುದಾಗಿತ್ತು. 1972ರ ನಂತರ ಕಾಯುವುದೂ ಒಂದು ಕೆಲಸವಾಯಿತು.

ಆ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಮಗಳಿಗೆ ಚೊಚ್ಚಲ ಬಸಿರಿನ 33ನೆಯ ವಾರದಲ್ಲಿ ನೀರು ಹೋಯಿತು. ಆಸ್ಪತ್ರೆಯಲ್ಲಿ ಅದು ಗರ್ಭದ ನೀರೇ ಎಂದು ಖಚಿತಮಾಡಿಕೊಂಡರು, ಸ್ಟೀರಾಯ್ಡ್ ಕೊಟ್ಟರು, ಆಂಟಿಬಯಾಟಿಕ್ ಮಾತ್ರೆ ಆರಂಭಿಸಿದರು. ಮತ್ತೆ ಮಂಚದ ಮೇಲೆ ಮಲಗಿಸಿದರು. ಹೊತ್ತು ಹೊತ್ತಿಗೆ ಜ್ವರ ನೋಡುವುದು, ನಾಡಿ ಎಣಿಸುವುದು, ಮಗುವಿನ ಎದೆಬಡಿತ ಕೇಳುವುದು, ಬಟ್ಟೆಗೆ ಹತ್ತಿದ ನೀರಿನ ಬಣ್ಣ ವಾಸನೆ ಗಮನಿಸುವುದು, ಇಷ್ಟೇ. ಎರಡನೆಯ ದಿನ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. “ಯಾಕಮ್ಮಾ, ಸುಮ್ಮನೆ ಮಲಗಿಸಿಬಿಟ್ಟಿದೀರಲ್ಲ, ಏನೂ ಮಾಡೋದಿಲ್ವೇ?” ಎಂದು ವಾರ್ಡಿನ ಸಿಸ್ಟರನ್ನು ಕೇಳಿದಳು. ಆಕೆ ಹಾಳೆಯ ಮೇಲೆ ಜ್ವರದ ಅಂಕಿ ಬರೆಯುತ್ತಲೇ, “ಇದೇ ಅಮ್ಮಾ ನಾವು ಮಾಡೋದು. ಮಗೂಗೆ ದಿನ ಕೊಡ್ತಾ ಇದೀವಿ,” ಎಂದಳು. ಆರನೆಯ ದಿನ ಮಗಳ ಮೈ ಬೆಚ್ಚಗಾಯಿತು, ನಾಡಿ ಏರಿತು. ಅದುವರೆಗೆ ಕಾದಿದ್ದ ವೈದ್ಯೆ ಒಂದು ಗಂಟೆಯೂ ತಡಮಾಡಲಿಲ್ಲ. ಮಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಒಪ್ಪಿಗೆ ಪಡೆದು, ಬೇನೆ ಬರಿಸುವ ಡ್ರಿಪ್ ಹಾಕಿಸಿದರು. ಅಂದು ರಾತ್ರಿ ಹುಟ್ಟಿದ ಮೊಮ್ಮಗಳು ತಾನೇ ಉಸಿರಾಡಿ ಅತ್ತಳು. ಕಾಯಲು ಬೇಕಾದಷ್ಟೇ ಧೈರ್ಯ ಕಾಯುವುದನ್ನು ನಿಲ್ಲಿಸಲೂ ಬೇಕೆಂದು ನನಗೆ ಆಗ ತಿಳಿಯಿತು.

ಲಿಗಿನ್ಸನ ಇಂಜೆಕ್ಷನ್ ಎಲ್ಲರಿಗೂ ಕೂಡಲೇ ದೊರೆಯಿತೇ? ಇಲ್ಲ. ಮುಂದಿನ ಎರಡು ದಶಕ ಬಹುಪಾಲು ವೈದ್ಯರು ಶಂಕಿಸುತ್ತಲೇ ಇದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅದನ್ನು ಸ್ಪಷ್ಟವಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ನಡುವಿನ 22 ವರ್ಷಗಳಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಮಕ್ಕಳು ಉಳಿಯಲಿಲ್ಲ. ಚದುರಿದ ವೈದ್ಯಕೀಯ ಪರೀಕ್ಷೆಗಳನ್ನು ಕೂಡಿಸಿ ತೂಗಲೆಂದು 1993ರಲ್ಲಿ ಹುಟ್ಟಿದ ಕೊಕ್ರೇನ್ ಸಂಸ್ಥೆ ತನ್ನ ಲಾಂಛನದಲ್ಲಿ ಇದೇ ಸ್ಟೀರಾಯ್ಡ್ ಕುರಿತ ಏಳು ಪರೀಕ್ಷೆಗಳ ಗೆರೆಗಳನ್ನು ಬಿಡಿಸಿಕೊಂಡಿದೆ. ಅದನ್ನು ನಾನು ಲಾಂಛನವೆನ್ನುವುದಕ್ಕಿಂತ ಪ್ರಾಯಶ್ಚಿತ್ತವೆನ್ನುತ್ತೇನೆ.

ಆ ಬಳಿಕ ವಾದದ ಜಾಗಕ್ಕೆ ಲೆಕ್ಕ ಬಂತು. 1996ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನ, ದಿನ ತುಂಬಿ ನೀರು ಹೋದ 5041 ಹೆಂಗಸರನ್ನು ಗಮನಿಸಿತು. ಬೇನೆ ಬರಿಸಿದರೂ ಕಾದರೂ ಮಕ್ಕಳಲ್ಲಿ ಸೋಂಕು ಹೆಚ್ಚುಕಡಿಮೆ ಸಮನಾಗಿತ್ತು. ಆಕ್ಸಿಟೋಸಿನ್ನಿನಿಂದ ಬೇಗ ಬೇನೆ ಬರಿಸಿದಾಗ ತಾಯಂದಿರಲ್ಲಿ ಸೋಂಕು ಕಡಮೆಯಾಯಿತು. ಅಕಾಲದಲ್ಲಿ ನೀರು ಹೋದವರಿಗೆ ಎರಿತ್ರೊಮೈಸಿನ್ ಕೊಟ್ಟರೆ ಹಿತವೆಂದು 2001ರ ಬ್ರಿಟಿಷ್ ಅಧ್ಯಯನ ತೋರಿಸಿತು. 34 ವಾರ ದಾಟಿ 37 ತುಂಬದವರಲ್ಲಿ ಮಾತ್ರ ಹಳೆಯ ರೂಢಿ ಅವಸರದ ಕಡೆಗೇ ವಾಲಿತ್ತು. 2016ರಲ್ಲಿ 11 ದೇಶಗಳ 1839 ತಾಯಂದಿರ ಅಧ್ಯಯನ ಅದನ್ನೂ ಅಲುಗಿಸಿತು. ಕಾದುದರಿಂದ ಮಕ್ಕಳಲ್ಲಿ ಸೋಂಕು ಗಣನೀಯವಾಗಿ ಹೆಚ್ಚಲಿಲ್ಲ. ಅವಸರಪಟ್ಟ ಗುಂಪಿನಲ್ಲಿ ಉಸಿರಾಟದ ತೊಂದರೆ ನೂರಕ್ಕೆ 8 ಮಕ್ಕಳಿಗೆ, ಕಾದ ಗುಂಪಿನಲ್ಲಿ 5ಕ್ಕೆ. ಸಿಸೇರಿಯನ್ ಕೂಡ ಕಾದವರಲ್ಲಿ ಕಡಮೆ. ಆದರೆ ಕಾದ ತಾಯಂದಿರಲ್ಲಿ ರಕ್ತಸ್ರಾವವೂ ಜ್ವರವೂ ತುಸು ಹೆಚ್ಚಿದ್ದವು. ಆದುದರಿಂದಲೇ ಕಾಯುವುದು ಕಣ್ಗಾವಲಿನಲ್ಲಿ ಆಗಬೇಕು.

ಕಣ್ಗಾವಲಿನ ಈ ಮಾತಿಗೆ ನಮ್ಮ ಬೆಳಗಾವಿಯೇ ಸಾಕ್ಷಿ. ಆ ಊರು ಭಾಗವಹಿಸಿದ್ದ, 2015ರಲ್ಲಿ ಪ್ರಕಟವಾದ ಆರು ದೇಶಗಳ ಪ್ರಯೋಗದಲ್ಲಿ ಸ್ಟೀರಾಯ್ಡ್ ಇಂಜೆಕ್ಷನನ್ನು ಹಳ್ಳಿಯ ಆರೋಗ್ಯ ಕೇಂದ್ರಗಳವರೆಗೆ ವಿಸ್ತರಿಸಿ ನೋಡಿದರು. ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿ ಒಟ್ಟಾರೆ ನವಜಾತ ಶಿಶುಗಳ ಸಾವು ಹೆಚ್ಚಿತು! ಇಡೀ ವೈದ್ಯಲೋಕ ಬೆಚ್ಚಿತು. ಐದು ವರ್ಷಗಳ ನಂತರ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಅಧ್ಯಯನದ ಫಲ ಬಂತು, ಅದರಲ್ಲಿಯೂ ಬೆಳಗಾವಿಯಿತ್ತು. ಈ ಸಲ ಬಸಿರಿನ ವಾರಗಳನ್ನು ಸ್ಕ್ಯಾನಿಂಗ್ ಮೂಲಕ ನಿಖರವಾಗಿ ಎಣಿಸಿ, ತಾಯಿ ಮಗುವಿಗೆ ತಕ್ಕ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ ಔಷಧ ಕೊಟ್ಟಿದ್ದರು. ಮೊದಲ 28 ದಿನಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಸೂಜಿಯ ಮದ್ದು ಒಂದೇ ಜಾತಿಯದು. ಸುತ್ತಲಿನ ಸಿದ್ಧತೆ ಬೇರೆ, ಫಲ ಬೇರೆ.

ಇಷ್ಟು ದೂರದ ಹಾದಿಯಿಂದ ನಮಗೆ ದಕ್ಕಿದ್ದೇನು? ಕಾಯಬೇಕೇ ಬೇನೆ ಬರಿಸಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ವಾರದ ಲೆಕ್ಕ, ತಾಯಿಯ ಜ್ವರ, ಮಗುವಿನ ಎದೆಬಡಿತ ಇವು ಮೂರೂ ಸೇರಿ ಉತ್ತರ ಹೇಳುತ್ತವೆ. ಆದರೆ ಎಲ್ಲಿ ಕಾಯಬೇಕೆಂಬುದಕ್ಕೆ ಒಂದೇ ಉತ್ತರವಿದೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕೈಗುಣಕ್ಕೆ ನಮಸ್ಕರಿಸುತ್ತಲೇ ಹೇಳಬೇಕು: ಮಾಗದ ಶ್ವಾಸಕೋಶವನ್ನು ಮಾಗಿಸುವ ಮದ್ದು ಕೈಗುಣದಲ್ಲಿಲ್ಲ. ಬಸುರಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಇಂಜೆಕ್ಷನನ್ನು ದಾದಿಯೇ ಕೊಡಬಹುದೆಂದು ನಮ್ಮ ಕೇಂದ್ರ ಸರ್ಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಅವಳ ಬಳಿಗೆ ಬಸುರಿ ಬರಬೇಕಲ್ಲ?

ಅನೇಕ ಮನೆಗಳಲ್ಲಿ ಅದು ನೀರೋ ಮೂತ್ರವೋ ಎಂದು ಅನುಮಾನಿಸುತ್ತ, ನೋವಿಲ್ಲವಲ್ಲ ಬೆಳಗಾಗಲಿ ಎನ್ನುತ್ತ, ಗಂಡಸರಿಗೆ ಹೇಳಲು ನಾಚುತ್ತ ಒಂದು ಹಗಲು ಒಂದು ಇರುಳು ಕಳೆದುಹೋಗುತ್ತವೆ. ಲಿಗಿನ್ಸ್ ಗಳಿಸಿಕೊಟ್ಟ ಆ ಬೆಲೆಬಾಳುವ ದಿನಗಳು ಹೀಗೆ ಮನೆಯ ಹೊಸ್ತಿಲೊಳಗೆ ಸೋರಿಹೋಗಬಾರದು. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಅವಳ ವಾರಗಳ ಲೆಕ್ಕ ಎಲ್ಲರಿಗೂ ತಿಳಿದಿರಲಿ. ನೀರು ಹೋಯಿತೆಂದು ಅವಳು ಹೇಳಿದರೆ ಅವಳ ಮಾತನ್ನು ನಂಬಿ. ಗಡಿಯಾರ ನೋಡಿ ಆ ಗಳಿಗೆಯನ್ನು ಬರೆದಿಡಿ, ನೀರಿನ ಬಣ್ಣವನ್ನು ಗಮನಿಸಿ, ನೋವಿಗಾಗಿ ಕಾಯದೆ ಹೊರಡಿ. ಅವಳು ಆಸ್ಪತ್ರೆಗೆ ಸೇರಿದ ಮೇಲೆ ಕಾಯುವವರು ಕಾಯುತ್ತಾರೆ.